ಚೈನು ಸಡಿಲಿಸಿದವರು ಯಾರು?

ಟೀ ಫ್ಲಾಸ್ಕ್ ಹಿಡಿದು ಶೆಡ್ಡಿನೊಳಗೆ ಬಂದ ಅಕ್ಕನಿಗೆ ಮೊದಲು ಕಂಡದ್ದು ತಮ್ಮನ ಚಪ್ಪಲಿ. ಆಮೇಲೆ ಕಾಲು. ಆಮೇಲೆ—ಅಯ್ಯೋ ದೇವರೇ!

ಟೈರಿನ ಬದಲು ಉಕ್ಕಿನ ಚೈನಿನ ಮೇಲೆ ಓಡುವ ಟ್ರ್ಯಾಕ್ಟರಿನ ಪಕ್ಕದಲ್ಲಿ ಅಂಗಾತ ಬಿದ್ದಿದ್ದ. ಎದೆಯ ಮೇಲೆ ದುಂಡನೆಯ ಗಾಯ. ಆರಡಿ ಬೆಳೆದರೂ ಮನೆಯವರ ಬಾಯಲ್ಲಿ ಅವನಿನ್ನೂ ‘ಮರಿ’. ಅವನ ತಲೆಯನ್ನು ಮಡಿಲಿಗೆಳೆದುಕೊಂಡು ಕಿರುಚಿದಳು. ಉಸಿರು ನಿಂತುಹೋಗಿತ್ತು. ಪಕ್ಕದಲ್ಲೇ ಅವಳ ಗಂಡನ ಹಾರೆ.

ಜನಕ್ಕೆ ಅಷ್ಟು ಸಾಕಾಯಿತು. ಆ ಟ್ರ್ಯಾಕ್ಟರ್ ಓಡಿಸುವ ಡ್ರೈವರ್ ಅವಳ ಗಂಡನೇ. ಚೈನು ವಿಪರೀತ ಬಿಗಿದು, ಅದನ್ನು ಸಡಿಲಿಸುವ ಅಡ್ಜಸ್ಟರ್ ಜಾಮ್ ಆಗಿತ್ತೆಂದು ಬೆಳಿಗ್ಗೆ ಅವನಿಗೂ ಮರಿಗೂ ಜಟಾಪಟಿ ನಡೆದಿತ್ತು. “ಕೆಸರಲ್ಲಿ ಓಡಿಸ್ತೀರ, ತೊಳೆಯಲ್ಲ. ತುಕ್ಕು ಹಿಡೀದೆ ಇನ್ನೇನಾಗುತ್ತೆ ಭಾವ?” ಎಂದಿದ್ದ, ಶೆಡ್ಡಿನಲ್ಲಿ ರಿಪೇರಿ ಮಾಡುವ ಮರಿ. “ಇನ್ನೊಂದು ಮಾತಾಡಿದ್ರೆ ಎದೆಗೇ ಇಕ್ತೀನಿ!” ಎಂದಿದ್ದ ಡ್ರೈವರ್. ಬಾಯಿ ಜೋರು, ಮನಸ್ಸು ಬೆಣ್ಣೆ. ಅದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

ಇನ್ಸ್‌ಪೆಕ್ಟರಮ್ಮ ಮೊದಲು ಪ್ರಶ್ನಿಸಿದ್ದೂ ಅವನನ್ನೇ.

“ಆ ಹೊತ್ತಲ್ಲಿ ಎಲ್ಲಿದ್ದೆ?”

“ಡೀಸೆಲ್ ತರೋಕೆ ಹೋಗಿದ್ದೆ, ಮೇಡಂ.”

“ನೋಡಿದವರು?”

“ಯಾರೂ ಇಲ್ಲ.”

“ಹಾರೆ?”

“ನಂದೇ. ಚೈನಿಗೆ ಸಿಕ್ಕಿದ ಕಲ್ಲು ಮೀಟೋಕೆ ಇಟ್ಟಿದ್ದೆ. ಅವನ ಮೇಲೆ ಕೈ ಮಾಡ್ತೀನಾ ಮೇಡಂ? ಮಗನ ಥರ ಇದ್ದ!”

ಪೇದೆ ಅವನನ್ನು ಜೀಪು ಹತ್ತಿಸಿದ. ಅವನು ತಿರುಗಿ ನೋಡಿದಾಗ ಅಕ್ಕ ಕಣ್ಣು ತಪ್ಪಿಸಿದಳು. ಒಂದೇ ಒಂದು ಗಳಿಗೆ, ಅವಳಿಗೂ ಅನುಮಾನ ಬಂದುಬಿಟ್ಟಿತ್ತು.

“ನೀನಾದ್ರೂ ಹೇಳಣ್ಣ, ಇವರು ಅಂಥೋರಲ್ಲ ಅಂತ!”

ಶೆಡ್ಡಿನ ಯಜಮಾನನಾದ ಅವಳ ಅಣ್ಣ ಗೋಡೆಗೊರಗಿ ನಿಂತಿದ್ದ. ತಲೆ ಎತ್ತಲಿಲ್ಲ. ಪಾಪ, ತಮ್ಮನನ್ನು ಎತ್ತಿ ಆಡಿಸಿದವನು, ಕುಸಿದುಹೋಗಿದ್ದಾನೆ ಎಂದುಕೊಂಡಳು.

ಇನ್ಸ್‌ಪೆಕ್ಟರಮ್ಮ ಟ್ರ್ಯಾಕ್ಟರಿಗೆ ಒಂದು ಸುತ್ತು ಬಂದು ನಿಂತರು.

“ಬೆಳಿಗ್ಗೆ ಜಗಳ ಯಾಕಾಯ್ತು ಅಂದ್ರಿ?”

“ಚೈನು ಬಿಗಿಯಾಗಿ ಕೂತಿತ್ತು. ಏನು ಮಾಡಿದ್ರೂ ಸಡಿಲಾಗ್ತಿರ್ಲಿಲ್ಲ,” ಎಂದಳು ಅಕ್ಕ.

“ಹಾಗಾದ್ರೆ ಇದೇನು?”

ಕೈಯಿಂದ ಚೈನನ್ನು ಒತ್ತಿದರು. ಜೋತುಬಿದ್ದಿದ್ದ ಚೈನು ಇನ್ನಷ್ಟು ಬಗ್ಗಿತು. ಅಷ್ಟು ಜನ ಬಂದು ನೋಡಿ ಹೋಗಿದ್ದರು. ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

“ಯಜಮಾನ್ರೇ, ಇದನ್ನ ಸಡಿಲ ಮಾಡೋದು ಹೇಗೆ?”

ಅಣ್ಣ ಅಡ್ಜಸ್ಟರಿನತ್ತ ಕೈ ತೋರಿಸಿದ. “ಅಡ್ಜಸ್ಟರೊಳಗೆ ಗ್ರೀಸು ತುಂಬಿರುತ್ತೆ. ಅದೇ ಮುಂದಿನ ಚಕ್ರ ದಬ್ಬಿ ಚೈನು ಬಿಗಿ ಹಿಡಿಯೋದು. ಈ ವಾಲ್ವ್ ಒಂದು ಸುತ್ತು ತಿರುಗಿಸಿದ್ರೆ ಅದರ ಬದಿಯ ತೂತಿಂದ ಗ್ರೀಸು ಮೆಲ್ಲಗೆ ಹೊರಗೆ ಬರುತ್ತೆ.”

“ಪೂರ್ತಿ ಬಿಚ್ಚಿದ್ರೆ?”

“ಬಿಚ್ಚಬಾರ್ದು. ಒಳಗಿನ ಒತ್ತಡಕ್ಕೆ ಗುಂಡಿನ ಹಾಗೆ—”

“ಹಾರುತ್ತೆ. ಎದುರಿಗಿದ್ದವನ ಎದೆಗೆ. ನಿಮ್ಮ ತಮ್ಮನಿಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ನಾನೇ ಕಲಿಸಿದ್ದು.”

“ನಿಮ್ಮ ಬಟ್ಟೆಗೆ ಇಷ್ಟೊಂದು ಗ್ರೀಸು ಹೇಗಾಯ್ತಮ್ಮ?”

ಅಕ್ಕ ತನ್ನ ಮಡಿಲು ನೋಡಿಕೊಂಡಳು. “ಮರೀನ ಎತ್ತಿಕೊಂಡಾಗ... ಅವನ ಅಂಗಿ ತುಂಬಾ ಇತ್ತು. ಶೆಡ್ಡಲ್ಲಿ ಗ್ರೀಸಿಗೇನು ಬರ ಮೇಡಂ?”

“ಅಲ್ಲೇ ಎಲ್ಲರೂ ಮೋಸ ಹೋಗಿದ್ದು. ಗ್ರೀಸು ಹೊರಗೆ ಬಂದಿದೆ, ಚೈನು ಸಡಿಲಾಗಿದೆ. ವಾಲ್ವ್ ಮಾತ್ರ ಜಾಗದಲ್ಲೇ ಭದ್ರವಾಗಿ ಕೂತಿದೆ. ಸುತ್ತ ಒಣಗಿದ ಕೆಸರು, ಇದರ ತಲೆ ಮಾತ್ರ ಥಳಥಳ. ಇದನ್ನ ಇವತ್ತೇ ಕೂರಿಸಿದ್ದಾರೆ. ಸತ್ತವನಂತೂ ಎದ್ದು ಬಂದು ಕೂರಿಸಲಿಲ್ಲ. ಡ್ರೈವರಾ? ಅಪಘಾತ ಅಂತ ಗೊತ್ತಾದ್ರೆ ಬಚಾವಾಗೋನೇ ಅವನು, ಅವನ್ಯಾಕೆ ಮುಚ್ಚಿಡ್ತಾನೆ? ಯಜಮಾನ್ರೇ, ಮೊದಲು ಅಲ್ಲೇನಿತ್ತು?”

ಅಣ್ಣ ಜೇಬಿನಿಂದ ಕೈ ತೆಗೆದ. ಅಂಗೈಯಲ್ಲಿ ಒಂದು ಮಾಮೂಲಿ ಬೋಲ್ಟ್. ಬದಿಯಲ್ಲಿ ತೂತೇ ಇರಲಿಲ್ಲ.

“ವಾಲ್ವ್ ಸೋರ್ತಿತ್ತು. ರಿಪೇರಿ ಮಾಡೋ ತನಕ ಇರ್ಲಿ ಅಂತ ಇದನ್ನ ತಿರುಗಿಸಿಟ್ಟೆ. ಅಳತೆ ಸರಿಹೋಯ್ತು... ಮರೆತೇಬಿಟ್ಟೆ. ಮರಿಗೆ ಹೇಳ್ಲಿಲ್ಲ.”

“ಒಂದು ಸುತ್ತು ತಿರುಗಿಸಿದ, ಗ್ರೀಸು ಬರಲಿಲ್ಲ. ತುಕ್ಕು ಅಂದುಕೊಂಡು ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಅಡ್ಜಸ್ಟರ್ ಜಾಮೇ ಆಗಿರ್ಲಿಲ್ಲ, ಅಲ್ವಾ?”

“ಇಲ್ಲ.” ಅಣ್ಣ ಮುಖ ಮುಚ್ಚಿಕೊಂಡು ಬಿಕ್ಕಿದ. “ಸದ್ದು ಕೇಳಿ ಮೊದಲು ಓಡಿಬಂದೋನು ನಾನೇ. ಖಾಲಿ ತೂತು ನೋಡ್ದೆ. ವಾಲ್ವ್ ತಂದು ಕೂರಿಸ್ದೆ, ನೆಲ ಒರೆಸ್ದೆ, ಹಿಂದಿನ ಬಾಗಿಲಿಂದ ಹೋಗ್ಬಿಟ್ಟೆ. ಭಾವನ ತಲೆಗೆ ಬರುತ್ತೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ. ಬಂದ ಮೇಲೆ... ಬಾಯಿ ಬರ್ಲಿಲ್ಲ.”

ಇನ್ಸ್‌ಪೆಕ್ಟರಮ್ಮ ಪೇದೆಗೆ ಸನ್ನೆ ಮಾಡಿದರು. ಹೊರಗೆ ಜೀಪಿನ ಬಾಗಿಲು ತೆರೆದ ಸದ್ದು. ಗಂಡ ಇಳಿದು ಬರುತ್ತಿದ್ದ. ಓಡಿಹೋಗಿ ಕೈ ಹಿಡಿಯಬೇಕು, ತಪ್ಪಾಯಿತು ಎನ್ನಬೇಕು ಎಂದು ಅಕ್ಕನಿಗೆ ಅನ್ನಿಸಿತು. ಆದರೆ ಒಂದು ಮಾತು ಕೇಳದೆ ಅವಳಿಂದ ಅಲ್ಲಿಂದ ಕದಲಲಾಗಲಿಲ್ಲ.

“ಅಣ್ಣ, ನೀನು ವಾಲ್ವ್ ಕೂರಿಸ್ತಿದ್ದಾಗ ಮರಿಗೆ ಉಸಿರಿತ್ತಾ?”

ಅಣ್ಣ ತಂಗಿಯ ಮಡಿಲಿನ ಗ್ರೀಸನ್ನೇ ನೋಡುತ್ತ ನಿಂತ.

“ನೋಡ್ಲಿಲ್ಲ ಕಣೇ,” ಎಂದ. “ಮೊದಲು ಬೋಲ್ಟ್ ಹುಡುಕಿದೆ.”