ಅಕ್ಕ ಕಳಿಸಿದ ಚಿಕ್ಕ ಫೋಟೋ

"ಇದೇನಾ ನೀವು ತೆಗೆದ ಫೋಟೋ?"

ಸುರುಳಿ ಸುತ್ತಿದ್ದ ಆರಡಿಯ ಪ್ರಿಂಟನ್ನು ಅವಳು ಸ್ಟುಡಿಯೋದ ಮೇಜಿನ ಮೇಲೆ ಬಿಚ್ಚಿ ಹರಡಿದಳು.

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಅಂತಲೇ ಕರೆಯೋದು. ನಾಳಿದ್ದು ಅವಳ ಸ್ವಂತ ಅಂಗಡಿ ಶುರು. ತಾನು ಹೊಲಿದುಕೊಟ್ಟ ಉಡುಪಿನಲ್ಲಿ ಅಕ್ಕ ಮದುವೆಯ ದಿನ ನಿಂತಿದ್ದ ಫೋಟೋವನ್ನು ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಲೆಂದು ಆಳೆತ್ತರಕ್ಕೆ ಪ್ರಿಂಟ್ ಹಾಕಿಸಿದ್ದಳು. ಬಂದದ್ದು ನೋಡಿದರೆ... ಕಸೂತಿಯೆಲ್ಲ ಕಲಸಿದ ಗಂಜಿ.

"ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು ಹಾಕಿದ ಕಸೂತಿ ರೀ ಇದು. ಒಂದು ಎಳೆಯಾದ್ರೂ ಕಾಣುತ್ತಾ?"

ಫೋಟೋಗ್ರಾಫರ್ ಮಾತಿಗೆ ಮಾತು ಬೆಳೆಸುವವನಲ್ಲ. ಅವಳ ಫೋನ್ ಇಸಿದುಕೊಂಡು ನೋಡಿದ.

"ಇದು ನಿಮ್ಮಕ್ಕ ವಾಟ್ಸಾಪಲ್ಲಿ ಕಳಿಸಿದ್ದು, ಬರುವಾಗಲೇ ಕುಗ್ಗಿಹೋಗಿದೆ. ಆರಡಿಗೆ ಎಳೆದರೆ ಇಂಚಿಗೆ ಇಪ್ಪತ್ತು ಚುಕ್ಕಿ ಸಿಕ್ಕರೆ ಹೆಚ್ಚು. ಹತ್ತಿರದಿಂದ ಎಳೆ ಕಾಣಬೇಕು ಅಂದ್ರೆ ನೂರಾದ್ರೂ ಬೇಕು. ಕ್ಯಾಮೆರಾದ ಪೂರ್ತಿ ಫೈಲನ್ನ ಪೆನ್‌ಡ್ರೈವಲ್ಲಿ ಹಾಕಿ ನಿಮ್ಮಕ್ಕನ ಕೈಗೇ ಕೊಟ್ಟಿದ್ದೆನಲ್ಲ?"

ಅವಳ ಕಿವಿ ಬಿಸಿಯಾಯಿತು. 'ಸುಮ್ಮಸುಮ್ಮನೆ ಹರಿಹಾಯ್ದೆನಲ್ಲ...' ಅಂದುಕೊಳ್ಳುತ್ತ ಅಕ್ಕನಿಗೆ ಫೋನ್ ಮಾಡಿ, ಅವನೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಅಕ್ಕಾ, ಪೆನ್‌ಡ್ರೈವ್ ಎಲ್ಲಿ?"

"ನನ್ನ ಹತ್ರನೇ ಭದ್ರವಾಗಿದೆ. ಸ್ಟುಡಿಯೋಗೆ ಹೋದ್ಯಾ? ಜಗಳ ಆಡಿದ್ಯಾ? ಸದ್ಯ, ಮಾತಾದ್ರೂ ಶುರುವಾಯ್ತು. ನೋಡೇ, ನನ್ನ ಮದುವೆ ಆದಾಗಿಂದ ಆ ಫೋಟೋಗ್ರಾಫರು ನನ್ನತ್ರ ನಿನ್ನ ವಿಚಾರಿಸೋದು, ನೀನು ಅವರನ್ನ ವಿಚಾರಿಸೋದು... ಮಧ್ಯದಲ್ಲಿ ನಾನೇನು ಪೋಸ್ಟ್‌ಮ್ಯಾನಾ? ಅದಕ್ಕೇ ಬೇಕಂತಲೇ ಚಿಕ್ಕದನ್ನ ಕಳಿಸಿದೆ."

ಅವಳು ಗಡಿಬಿಡಿಯಿಂದ ಫೋನ್ ಕಟ್ ಮಾಡಿದಳು. ಅವನೋ, ಮೊದಲೇ ಫಳಫಳ ಹೊಳೆಯುತ್ತಿದ್ದ ಲೆನ್ಸನ್ನು ಒರೆಸತೊಡಗಿದ್ದ.

ಮರುದಿನ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಇಬ್ಬರೂ ಪ್ರಿಂಟ್ ಹಾಕುವವರ ಬಳಿಗೆ ಹೋದರು. ಯಂತ್ರದಿಂದ ಹಾಳೆ ಇಷ್ಟಿಷ್ಟೇ ಹೊರಬಂತು. ಅಕ್ಕನ ಮುಖ, ತೋಳು, ಸೊಂಟ... ಕಸೂತಿಯ ಒಂದೊಂದು ಎಳೆಯೂ ಬೆರಳಿಗೆ ಸಿಗುವಂತಿತ್ತು. ಅವಳ ಕಣ್ಣು ತುಂಬಿಬಂತು.

ಕೊನೆಗೆ ಉಡುಪಿನ ಅಂಚು ಬಂತು. ಹಳೆಯ ಪ್ರಿಂಟಿನಲ್ಲಿ ಅಲ್ಲಿ ಯಾರೋ ಬಗ್ಗಿ ಕೂತಂಥ ಬರೀ ಒಂದು ಮಸುಕು, ಕಸೂತಿಯ ಸಿಟ್ಟಿನಲ್ಲಿ ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ಇಲ್ಲಿ ಅವಳೇ ಇದ್ದಳು! ಮೊಣಕಾಲೂರಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕೆದರಿದ ತಲೆಯಲ್ಲೇ ಅಕ್ಕನ ಉಡುಪಿನ ಅಂಚು ಸರಿಮಾಡುತ್ತಿದ್ದಳು. ರೆಪ್ಪೆಯ ಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

ಅವತ್ತು ತನ್ನನ್ನು ಯಾರೂ ನೋಡಲಿಲ್ಲ ಅಂದುಕೊಂಡಿದ್ದಳು.

"ಅಕ್ಕನಿಗಿಂತ ನಾನೇ ಸ್ಪಷ್ಟವಾಗಿದ್ದೀನಲ್ಲ?"

"ಹೂಂ. ಫೋಕಸ್ ಅಲ್ಲೇ ಇತ್ತು."

"ಮದುಮಗಳ ಮೇಲಲ್ವಾ ಇಡಬೇಕಾದ್ದು?"

"ಇಡಬೇಕಿತ್ತು. ಆಗಲಿಲ್ಲ..." ಅವನು ತಲೆ ಎತ್ತಿದ. "ಅಷ್ಟರಲ್ಲಿ ನೀವು ಇಷ್ಟ ಆಗಿಬಿಟ್ಟಿದ್ರಿ."

ಅವಳು ಪ್ರಿಂಟನ್ನು ಸುರುಳಿ ಸುತ್ತಿ ಅವನ ಕೈಗಿಟ್ಟಳು.

"ನಾಳೆ ಅಂಗಡಿಗೆ ಬನ್ನಿ. ಕ್ಯಾಮೆರಾ ಬೇಡ."

"ಮತ್ತೆ ಫೋಟೋ?"

"ಅಕ್ಕ ಫೋನಲ್ಲಿ ತೆಗೀತಾಳೆ. ಮಸುಕಾದ್ರೂ ಪರವಾಗಿಲ್ಲ... ನೀವು ನನ್ನ ಪಕ್ಕ ನಿಂತ್ಕೊಳ್ಳಿ."