ಮಾನಿಟರ್ ಇಲ್ಲದೆ ಶುರುವಾದದ್ದು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಪ್ಪ ತೀರಿಕೊಂಡು ತಿಂಗಳಾಗುವ ಮೊದಲೇ ಅಣ್ಣ ಅವರ ಹಳೇ ಕಂಪ್ಯೂಟರಿನ ಮಾನಿಟರನ್ನು ಗುಜರಿಗೆ ಹಾಕಿದ. ತೀರಿಹೋದ ಅಮ್ಮನ ದನಿ ಉಳಿದಿದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

“ಸುಮ್ನೆ ಧೂಳು ತಿಂತಿತ್ತು ಕಣೋ.”

“ನಿನ್ನ ತಲೇನೂ ಧೂಳು ತಿಂತಿದೆ, ಅದನ್ನೂ ಹಾಕಿ ಬಾ!” ಅಂದೆ.

ಮಾನಿಟರ್ ಇಲ್ಲದಿದ್ದರೆ ಆ ಹಟಮಾರಿ ಶುರುವಾಗುವುದಿಲ್ಲ. ಒಂದು ಉದ್ದ, ಎರಡು ಗಿಡ್ಡ ಕೂಗು ಹಾಕಿ ನಿಂತುಬಿಡುತ್ತದೆ. ಈಗಿನ ಮಾನಿಟರುಗಳೋ ಅದಕ್ಕೆ ಕೂರುವುದಿಲ್ಲ. ಮಾನಿಟರ್ ಇದೆ ಎಂದು ಅದನ್ನು ನಂಬಿಸಲು ಹಿಂದುಗಡೆ ಮಾನಿಟರಿನ ಜಾಗಕ್ಕೆ ಚುಚ್ಚುವಂಥ ಹಳೇ ಪ್ಲಗ್ಗೊಂದಕ್ಕೆ ಮೂರು ರೆಸಿಸ್ಟರ್ ಬೆಸುಗೆ ಹಾಕಿದೆ.

ಮಧ್ಯಾಹ್ನ ಅಮ್ಮನ ದನಿ ಇಳಿಸಿಕೊಳ್ಳಲು ಲ್ಯಾಪ್‌ಟಾಪಿಗೆ ಕೇಬಲ್ ಎಳೆದು, ಅಣ್ಣನನ್ನು ಬೈಯುತ್ತಲೇ ಸ್ವಿಚ್ ಒತ್ತಿದೆ. ಕೂಗು ಬರಲಿಲ್ಲ, ಯಂತ್ರ ಶುರುವಾಯಿತು. ಅಪ್ಪನ ಕುರ್ಚಿ ಮಾತ್ರ, ಅವರು ಕೂತಾಗ ಮಾಡುತ್ತಿದ್ದ ಹಾಗೆ, ಎರಡು ಸಲ ಕಿರುಗುಟ್ಟಿತು. ನಾನು ನಿಂತೇ ಇದ್ದೆ. ಸೀಟು ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಅಮ್ಮನ ದನಿ ಪೂರ್ತಿ ಲ್ಯಾಪ್‌ಟಾಪಿಗೆ ಇಳಿಯಿತು. ಅಣ್ಣನನ್ನು ಕೂಗಿ ಕರೆದೆ. “ನೋಡು, ಯಂತ್ರಕ್ಕೇ ಟೋಪಿ ಹಾಕಿದೀನಿ!” ಎನ್ನುತ್ತ ಪ್ಲಗ್ಗು ತೋರಿಸಲು ಕಂಪ್ಯೂಟರಿನ ಹಿಂದೆ ಕೈಹಾಕಿದೆ.

ಮಾನಿಟರಿನ ಜಾಗದಲ್ಲಿ ಬರೀ ತೂತುಗಳಿದ್ದವು. ಸಿಟ್ಟಿನ ಭರದಲ್ಲಿ ನಾನು ಪ್ಲಗ್ಗು ಚುಚ್ಚಿಯೇ ಇರಲಿಲ್ಲ. ಅದು ನನ್ನ ಅಂಗಿಯ ಜೇಬಿನಲ್ಲಿತ್ತು.