ಡಬ್ಬದಡಿಯ ಕಪ್ಪೆ

"ಇಲ್ಲಿ ಬೇಡ ಕಣೋ, ಇಲ್ಲಿ ಬೇಡ," ಎಂದು ತರಲೆ ಎಂಬ ಹುಡುಗಿ ಹಲ್ಲು ಕಚ್ಚಿ ಬೆಲ್ಟ್ ಜಗ್ಗಿದಳು. ಅವಳ ನಾಯಿ ಪುಕ್ಕಲ ಕೇಳಬೇಕಲ್ಲ. ಇಡೀ ಬೀದಿಯನ್ನು ಬಿಟ್ಟು, ಟೈಲರ್ ಅಂಗಡಿಯ ಮೆಟ್ಟಿಲ ಮುಂದೆಯೇ ಬೆನ್ನು ಬಗ್ಗಿಸಿ ಕೂತು ಕೆಲಸ ಮುಗಿಸಿಬಿಟ್ಟ.

ತರಲೆ ಎಂದರೆ ಮನೆಯವರು ಇಟ್ಟ ಹೆಸರು, ಸುಮ್ಮನೆ ಇಟ್ಟದ್ದಲ್ಲ. ರಜೆಗೆಂದು ನಾಯಿಯನ್ನೂ ಕಟ್ಟಿಕೊಂಡು ಅತ್ತೆಯ ಊರಿಗೆ ಬಂದಿದ್ದಳು. ಸಣ್ಣ ಊರು, ಇರುವುದೇ ಒಂದು ಬಜಾರು. ಹೊರಡುವಾಗ ಅತ್ತೆ ಹಳೇ ಪೇಪರ್ ಕೊಟ್ಟು, ನಾಯಿ ಗಲೀಜು ಮಾಡಿದರೆ ನೀನೇ ಎತ್ತಬೇಕು ಎಂದು ಹೇಳಿಯೇ ಕಳಿಸಿದ್ದರು. ಇವಳು ಪೇಪರನ್ನು ಗೇಟಿನ ಹಿಂದೆ ತುರುಕಿ ಬಂದಿದ್ದಳು. ಹೊಸ ಊರಲ್ಲಿ, ಎಲ್ಲರೂ ನೋಡುತ್ತಿರುವಾಗ ಅದನ್ನು ಎತ್ತುವುದೇ? ಮಾನ ಹೋಗುವುದಿಲ್ಲವೇ?

ಪಕ್ಕದ ಸೈಕಲ್ ಶಾಪಿನ ಮುಂದೆ ಖಾಲಿ ಪೇಂಟ್ ಡಬ್ಬ ಬಿದ್ದಿತ್ತು. ಅದನ್ನು ತಂದು ಬೋರಲು ಹಾಕಿದಳು. ಎಲ್ಲ ಮುಚ್ಚಿಹೋಯಿತು.

ಅಷ್ಟರಲ್ಲಿ ಟೈಲರ್ ಹೊರಬಂದು ಇದೇನಿದು ಡಬ್ಬ ಎಂದು ಕೇಳಿದರು.

"ಒಳಗೆ ಕಪ್ಪೆ ಇದೆ ಅಂಕಲ್. ಎತ್ತಬೇಡಿ, ಮೈಮೇಲೆ ಹಾರುತ್ತೆ."

ಟೈಲರ್ ಸರಕ್ಕನೆ ಹಿಂದೆ ಸರಿದರು. ಸೈಕಲ್ ಶಾಪಿನವನು ಪಂಪು ಬಿಟ್ಟು ಬಂದ. ಡಬ್ಬ ಅಲ್ಲಾಡಿದ್ದನ್ನು ತಾನೇ ಕಂಡೆ ಎಂದ. ಹಾಗಾದರೆ ಕಪ್ಪೆ ಕುಂಬಳಕಾಯಿ ಗಾತ್ರ ಇರಲೇಬೇಕು ಎಂದರು ಟೈಲರ್. ತರಲೆ ನಗು ತಡೆಯಲಾರದೆ ಪುಕ್ಕಲನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

ಮಾತು ಕೇಳಿ ಟೈಲರ್ ತಾಯಿ ಗೋಡೆ ಹಿಡಿದುಕೊಂಡು ಬಂದರು. ಅಜ್ಜಿಗೆ ಕಣ್ಣು ಅಷ್ಟಕ್ಕಷ್ಟೇ.

"ಇಷ್ಟೆತ್ತರ ಬೆಳೆದು ಒಂದು ಕಪ್ಪೆಗೆ ಹೆದರ್ತೀರಲ್ರೋ. ಪಾಪ, ಈ ಬಿಸಿಲಿಗೆ ಒಳಗೇ ಬೆಂದುಹೋಗುತ್ತೆ. ಆಚೆ ಸರೀರಿ, ನಾನು ಹಿಡಿದು ಚರಂಡಿಗೆ ಬಿಡ್ತೀನಿ."

ಅಜ್ಜಿ ಕುಕ್ಕರಗಾಲಲ್ಲಿ ಕೂತರು. ಡಬ್ಬದ ಅಂಚನ್ನು ಎತ್ತಿ, ಕಪ್ಪೆಗೆ ನೋವಾಗದಂತೆ ಇನ್ನೊಂದು ಕೈಯನ್ನು ಮೆಲ್ಲಗೆ ಒಳಗೆ ತೂರಿಸಹೋದರು.

ತರಲೆ ನಗುವುದನ್ನು ಬಿಟ್ಟು ಓಡಿಬಂದು ಆ ಕೈ ಹಿಡಿದುಕೊಂಡಳು.

"ಬೇಡ ಅಜ್ಜಿ. ಅದು ಕಪ್ಪೆ ಅಲ್ಲ. ನಮ್ಮ ನಾಯಿ ಮಾಡಿದ್ದು."

ಆಮೇಲೆ ಟೈಲರ್ ಬೈದರು ನೋಡಿ, ಅವಳ ಕಿವಿ ಕೆಂಪಾಗುವಂತೆ ಬೈದರು. ಬೈದು ಮುಗಿಸಿ, ಒಳಗಿಂದ ಒಂದು ಹಿಡಿ ಚಿಂದಿ ಬಟ್ಟೆ ತಂದು ಅವಳ ಕೈಗೆ ತುರುಕಿದರು.

ತರಲೆ ಉಸಿರು ಬಿಗಿಹಿಡಿದು ಎತ್ತಿದಳು. ಊರೆಲ್ಲ ತನ್ನನ್ನೇ ನೋಡುತ್ತಿದೆ ಎಂದುಕೊಂಡು, ತಲೆ ತಗ್ಗಿಸಿಯೇ ಹೋಗಿ ಕಸದ ತೊಟ್ಟಿಗೆ ಹಾಕಿದಳು. ತಿರುಗಿ ನೋಡಿದರೆ, ಒಬ್ಬರೂ ಅವಳತ್ತ ನೋಡುತ್ತಿರಲಿಲ್ಲ. ಟೈಲರ್ ಮೆಷಿನ್ ತುಳಿಯುತ್ತಿದ್ದರು. ಸೈಕಲ್ ಶಾಪಿನವನು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ.

ಅಜ್ಜಿ ಮಾತ್ರ ಚೊಂಬಿನಲ್ಲಿ ನೀರು ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದರು.

"ಕೈ ಚಾಚು," ಎಂದರು.

ತರಲೆ ಚಾಚಿದಳು. ಅಜ್ಜಿ ನೀರು ಸುರಿಯುತ್ತಿದ್ದಷ್ಟು ಹೊತ್ತೂ ಅವಳ ಕಣ್ಣು ಚೊಂಬು ಹಿಡಿದ, ಆಗ ಡಬ್ಬದೊಳಗೆ ಹೋಗಲಿದ್ದ ಆ ಕೈಯ ಮೇಲೆಯೇ ಇತ್ತು. ನಿರಿಗೆಗಟ್ಟಿದ ಕೈ, ಹಾಗೇ ಚೊಕ್ಕಟವಾಗಿತ್ತು.